ಉಗುರು ತೆಗೆಯುವ ದಿನ

ಮಂಗಳವಾರ ಆಗದು, ಶುಕ್ರವಾರ ಆಗದು. ಸೋಮವಾರ ಶಿವಪೂಜೆಯ ಮನೆಗಳಿಗೆ ಬೇಡ, ಗುರುವಾರ ಮಠಕ್ಕೆ ನಡೆದುಕೊಳ್ಳುವವರಿಗೆ ಬೇಡ, ಶನಿವಾರ ಬಹಳ ಜನಕ್ಕೆ ಬೇಡ. ಏಕಾದಶಿ, ಅಮಾವಾಸ್ಯೆ, ಹುಟ್ಟಿದ ನಕ್ಷತ್ರದ ದಿನ ಯಾರಿಗೂ ಬೇಡ. ದೀಪ ಹಚ್ಚಿದ ಮೇಲಂತೂ ಆ ಮಾತು ಎತ್ತಲೂಬಾರದು. ಎನ್.ಆರ್. ಕಾಲೋನಿ, ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಉಗುರು ತೆಗೆಯುವುದಕ್ಕೆ ಇಂದಿಗೂ ಇಷ್ಟು ನೇಮವಿದೆ. ಭಾನುವಾರ ಮನೆ ತುಂಬ ಜನ. ಕೊನೆಗೆ ಎಲ್ಲರಿಗೂ ಒಪ್ಪಿಗೆಯಾಗಿ ಉಳಿಯುವುದು ಒಂದು ಬುಧವಾರ.

ನಮ್ಮ ಕಾಂಪೌಂಡಿನ ಹಿಂಬದಿಯಲ್ಲಿ, ಒಂದು ಕೋಣೆ ಒಂದು ಅಡುಗೆಮನೆಯ ಪೋರ್ಷನ್ನಿನಲ್ಲಿ, ನಿವೃತ್ತ ನರ್ಸ್ ಒಬ್ಬರಿದ್ದರು. ಬುಧವಾರ ಬೆಳಿಗ್ಗೆ ತಿಂಡಿ ಮುಗಿಸಿ, ಜಡೆ ಬಿಗಿಯಾಗಿ ಹೆಣೆದುಕೊಂಡು, ಹಳೆಯ ಬಿಸ್ಕತ್ತಿನ ತಗಡು ಡಬ್ಬವೊಂದನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಅವರು ಹೊರಡುತ್ತಿದ್ದರು. ಡಬ್ಬದೊಳಗೆ ನೇಲ್ ಕಟರ್, ದಪ್ಪ ಉಗುರಿಗೆಂದು ಇಕ್ಕಳದಂಥ ಒಂದು ಕತ್ತರಿ, ಸಣ್ಣ ಅರ, ಹತ್ತಿ, ಸ್ಪಿರಿಟ್ಟಿನ ಶೀಶೆ, ಕೊಬ್ಬರಿ ಎಣ್ಣೆ, ಮಡಿಸಿದ ಟವೆಲ್. ಬಗ್ಗಿ ತಮ್ಮ ಕಾಲನ್ನು ತಾವೇ ಮುಟ್ಟಿಕೊಳ್ಳಲಾರದ ಮುದುಕರು, ಮುದುಕಿಯರು ಇರುವ ಮನೆಗಳಿಗೆ ಹೋಗಿ ಅವರ ಕಾಲುಗುರು ತೆಗೆದು ಬರುವುದು ಅವರು ತಾವಾಗಿ ಹಚ್ಚಿಕೊಂಡ ಕೆಲಸ. ಯಾರೂ ಒಪ್ಪಿಸಿದ್ದಲ್ಲ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಲೋಟ ಕಾಫಿ ಕುಡಿಯುತ್ತಿದ್ದರು, ಅದೂ ಡಿಕಾಕ್ಷನ್ ಚೆನ್ನಾಗಿ ಇಳಿದಿದ್ದರೆ ಮಾತ್ರ.

ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ.

"ಸರ್ವೀಸಿನುದ್ದಕ್ಕೂ ಡ್ಯೂಟಿ ಚಾರ್ಟ್ ನೋಡ್ಕೊಂಡು ಬದುಕಿದೆ. ರಿಟೈರ್ ಆದ್ರೆ ಆರಾಮ ಅಂದ್ಕೊಂಡೆ. ಈಗ ಪಂಚಾಂಗ ಡ್ಯೂಟಿ ಹಾಕ್ತಾ ಇದೆ," ಎನ್ನುತ್ತಿದ್ದರು. ಈ ಪಂಚಾಂಗದ ಮಾತು ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕಾಫಿ ಬೇಕಾ ಎಂದು ಕೇಳಿದರೂ, "ತಾಳಿ, ಪಂಚಾಂಗ ನೋಡಿ ಹೇಳ್ತೀನಿ," ಎಂದು ಕಣ್ಣು ಮೇಲೆತ್ತಿ ಲೆಕ್ಕ ಹಾಕುವವರಂತೆ ನಿಂತು, ಆಮೇಲೆ ಲೋಟಕ್ಕೆ ಕೈಚಾಚುತ್ತಿದ್ದರು.

ನಾನು ಅದೇ ಮನೆಯ ಮೇಲಿನ ಪೋರ್ಷನ್ನಿಗೆ ಬಾಡಿಗೆಗೆ ಬಂದದ್ದು ನನ್ನ ನಿವೃತ್ತಿಯ ನಂತರ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ಹೊರಗೆ ಬಂದವಳು ನಾನು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಜೀವ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಮಾಮೂಲ್‌ಪೇಟೆಯಲ್ಲಿ ಮೂಟೆ ಹೊರುತ್ತಿದ್ದ. ಅವ್ವ ಚಾಮರಾಜಪೇಟೆಯ ದೊಡ್ಡ ಮನೆಯೊಂದರಲ್ಲಿ ಕೆಲಸಕ್ಕಿದ್ದಳು. ಪಾತ್ರೆ, ಬಟ್ಟೆ, ಕಸ ಮುಗಿದ ಮೇಲೆ ಆ ಮನೆಯ ಯಜಮಾನಿಗೆ ದಿನಾ ಸಂಜೆ ಎಣ್ಣೆ ಹಚ್ಚಿ ಕಾಲು ಒತ್ತಬೇಕಿತ್ತು. ಯಜಮಾನಿ ಕುರ್ಚಿಯಲ್ಲಿ, ಅವ್ವ ನೆಲದಲ್ಲಿ. ನಾನು ಹಿತ್ತಲ ಬಾಗಿಲ ಮೆಟ್ಟಿಲಲ್ಲಿ ಪಾಠದ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಆ ಹೆಂಗಸು ಕೆಟ್ಟವರೇನಲ್ಲ. ನನ್ನ ಪುಸ್ತಕಕ್ಕೆ ರಟ್ಟು ಹಾಕಲು ಕ್ಯಾಲೆಂಡರಿನ ಹಾಳೆ ಕೊಡುತ್ತಿದ್ದರು. ಆದರೆ ಮಾತಾಡುವಾಗ ಅವ್ವನ ಮುಖ ನೋಡುತ್ತಿರಲಿಲ್ಲ. ಕಾಲು ಕೊಟ್ಟು ಕಿಟಕಿಯ ಆಚೆ ನೋಡುತ್ತಿದ್ದರು.

ಬಿ.ಎ. ಪಾಸಾದ ದಿನ ನಾನು ಅವ್ವನ ಕಾಲಿಗೆ ಬೀಳಲು ಬಗ್ಗಿದರೆ ಅವಳು ರಟ್ಟೆ ಹಿಡಿದು ಎತ್ತಿದಳು. "ಸಾಕು ಬುಡು. ಇನ್ಮ್ಯಾಕೆ ನೀನು ಯಾರ್ ಕಾಲೂ ಮುಟ್ಟಂಗಿಲ್ಲ ಕಣವ್ವ. ನಂದೂ ಬ್ಯಾಡ, ದ್ಯಾವ್ರುದೂ ಬ್ಯಾಡ," ಎಂದಳು. ದೇವರ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಾಗಲಿಲ್ಲ. ಮನುಷ್ಯರ ವಿಷಯದಲ್ಲಿ ಆ ಮಾತನ್ನು ಉಳಿಸಿಕೊಂಡೆ. ಕಚೇರಿಯಲ್ಲಿ ಬಡ್ತಿ ತಡೆಹಿಡಿದಾಗಲೂ ಉಳಿಸಿಕೊಂಡೆ. ತಮ್ಮಂದಿರನ್ನು ಓದಿಸಿ ದಡ ಮುಟ್ಟಿಸುವಷ್ಟರಲ್ಲಿ ನನ್ನ ಮದುವೆಯ ವಯಸ್ಸು ದಾಟಿತ್ತು. ಅವರು ಈಗ ಕೆಂಗೇರಿ ಆಚೆ ಸೈಟು ತೆಗೆದುಕೊಂಡು ಮನೆ ಕಟ್ಟಿಕೊಂಡಿದ್ದಾರೆ. ಹಬ್ಬಕ್ಕೆ ಫೋನ್ ಮಾಡುತ್ತಾರೆ.

ಮನೆ ಬದಲಾಯಿಸಿದ ವಾರವೇ ನಲ್ಲಿಯ ಹತ್ತಿರ ಸಿಸ್ಟರ್ ಸಿಕ್ಕಿದರು.

"ಏನ್ ಮೇಡಂ, ಪೆನ್ಷನ್ನಾ?"

"ಹೌದು."

"ಒಬ್ರೇನಾ?"

"ಹೌದು."

"ಹಂಗಾದ್ರೆ ನಾವಿಬ್ರೂ ಒಂದೇ ವಾರ್ಡಿನವರು. ನಂದು ಕೆಳಗಡೆ ಬೆಡ್ಡು, ನಿಮ್ದು ಮೇಲ್ಗಡೆ ಬೆಡ್ಡು. ಏನಾದ್ರೂ ಬೇಕಾದ್ರೆ ಗಂಟೆ ಒತ್ತಿ."

ಗಂಟೆ ಎಲ್ಲಿಂದ ಬರಬೇಕು? ಅವರು ಹೇಳಿದ್ದು ಮೆಟ್ಟಿಲಿನ ಕಬ್ಬಿಣದ ಕಂಬಿಯನ್ನು ಬಡಿಯಲು. ಸ್ವಲ್ಪ ದಿನದಲ್ಲಿ ಅದೇ ರೂಢಿಯಾಯಿತು. ಸಂಜೆ ಅವರು ಕೆಳಗಿಂದ ಕಂಬಿಯ ಮೇಲೆ ಚಮಚದಿಂದ ಬಡಿದರೆ ಕಾಫಿ ರೆಡಿ ಎಂದು ಅರ್ಥ. ನಾನು ಇಳಿದು ಹೋಗುತ್ತಿದ್ದೆ. ಅವರ ಕೋಣೆಯ ಹೊಸ್ತಿಲ ಹೊರಗಿನ ಕಲ್ಲುಮೆಟ್ಟಿಲಲ್ಲಿ ಕೂತು ಇಬ್ಬರೂ ಕಾಫಿ ಕುಡಿಯುತ್ತಿದ್ದೆವು. ಅವರು ಮಾತಾಡುತ್ತಿದ್ದರು, ನಾನು ಕೇಳುತ್ತಿದ್ದೆ. ನನಗೆ ಮಾತು ಬರುವುದಿಲ್ಲ. ಕಚೇರಿಯ ಟಿಪ್ಪಣಿಯಂತೆ ಒಂದು ಸಾಲು ಹೇಳಿ ಸಹಿ ಹಾಕಿಬಿಡುವ ಜಾತಿ.

ಈ ಉಗುರಿನ ಕೆಲಸ ಶುರುವಾದದ್ದು ಹೇಗೆಂದು ಅವರು ನನಗೆ ಹೇಳಿದ್ದೂ ಆ ಮೆಟ್ಟಿಲಲ್ಲೇ. ಪಕ್ಕದ ರಸ್ತೆಯ ನಿವೃತ್ತ ಮೇಷ್ಟ್ರೊಬ್ಬರು ದಿನಾ ವಾಕಿಂಗ್ ಹೋಗುತ್ತಿದ್ದವರು ಇದ್ದಕ್ಕಿದ್ದಂತೆ ಕುಂಟತೊಡಗಿದರು. ಮನೆಯವರು ಮೂಳೆ ಡಾಕ್ಟರಿಗೆ ತೋರಿಸಿದರು, ನರದ ಡಾಕ್ಟರಿಗೆ ತೋರಿಸಿದರು. ಒಂದು ದಿನ ಸಿಸ್ಟರ್ ಅವರನ್ನು ಪಾರ್ಕಿನ ಬೆಂಚಿನ ಮೇಲೆ ಕೂರಿಸಿ ಕಾಲುಚೀಲ ಬಿಚ್ಚಿಸಿದರು. ಉಗುರು ಗಿಳಿಯ ಕೊಕ್ಕಿನಂತೆ ಬಾಗಿ ಪಕ್ಕದ ಬೆರಳಿಗೆ ಚುಚ್ಚಿಕೊಂಡಿತ್ತು.

"ಮಗ ಒಳ್ಳೇವ್ನೇ, ಸೊಸೆ ಒಳ್ಳೇವ್ಳೇ. ಬಿಪಿ ನೋಡ್ತಾರೆ, ಶುಗರ್ ನೋಡ್ತಾರೆ, ಕಣ್ಣಿಗೆ ಡ್ರಾಪ್ಸ್ ಹಾಕ್ತಾರೆ. ತಲೆಯಿಂದ ಸೊಂಟದ ತನಕ ಎಲ್ಲಾ ಕಡೆ ಜನ ಇದಾರೆ. ಅಲ್ಲಿಂದ ಕೆಳಗಿಳಿಯಕ್ಕೆ ಯಾರಿಗೂ ಪುರುಸೊತ್ತಿಲ್ಲ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಾಚಿಕೆ ಕಣ್ರೀ ಅವರಿಗೆ. ಉಗುರು ತೆಗೆದುಕೊಡು ಅಂತ ಮಗನ್ನ ಹೆಂಗ್ ಕೇಳೋದು? ಅನ್ನ ಕೇಳಬಹುದು, ಮಾತ್ರೆ ಕೇಳಬಹುದು. ಇದನ್ನ ಕೇಳಕ್ಕಾಗಲ್ಲ," ಎಂದರು.

ಒಂದೆರಡು ಬಾರಿ ಕುತೂಹಲಕ್ಕೆ ನಾನೂ ಅವರ ಜೊತೆ ಹೋಗಿದ್ದುಂಟು. ನಾನು ಕುರ್ಚಿಯಲ್ಲಿ ಕೂತು ಪೇಪರ್ ಓದುವವಳು. ಅವರು ಮಣೆ ಕೇಳಿ ಪಡೆದು ಕಾಲ ಬುಡದಲ್ಲಿ ಕೂರುತ್ತಿದ್ದರು. ಅಗಲ ಬೇಸಿನ್ನಿನಲ್ಲಿ ಬೆಚ್ಚಗಿನ ನೀರು. ಅದರಲ್ಲಿ ಕಾಲು ನೆನೆಯುವಷ್ಟು ಹೊತ್ತೂ ಮಾತು. ಇಂಜೆಕ್ಷನ್ ಕೊಡುತ್ತಿದ್ದ ದಿನಗಳ ವಿದ್ಯೆಯಂತೆ ಅದು: ಮೊದಲು ಮಾತು, ಆಮೇಲೆ ಸೂಜಿ. ನಗುತ್ತಿರುವವರು ಕಾಲು ಎಳೆದುಕೊಳ್ಳುವುದಿಲ್ಲ.

ವಕೀಲರಾಗಿದ್ದ ಒಬ್ಬರಿಗೆ, "ಹೆಬ್ಬೆಟ್ಟು ಕೊಡಿ ಸಾರ್. ಇಷ್ಟೆಲ್ಲ ಓದಿ ಕೊನೆಗೆ ಹೆಬ್ಬೆಟ್ಟು ಕೊಡೋ ಹಂಗಾಯ್ತಲ್ಲ," ಎಂದರೆ ಅವರು ಹೊಟ್ಟೆ ಕುಣಿಸಿ ನಗುತ್ತಿದ್ದರು. ಇನ್ನೊಂದು ಮನೆಯಲ್ಲಿ ಬಹಳ ಮಡಿಯ ಹಿರಿಯರು. ಮೊದಲ ದಿನ ಕಾಲು ಚಾಚುವ ಮುಂಚೆ, "ನೀವು ಯಾವ ಜನ?" ಎಂದು ಕೇಳಿದರಂತೆ.

"ಆಸ್ಪತ್ರೆ ಜನ ಸ್ವಾಮಿ," ಎಂದರಂತೆ ಸಿಸ್ಟರ್.

ಅವರು ಮುಂದೆ ಕೇಳಲಿಲ್ಲ, ಕಾಲು ಕೊಟ್ಟರು. ಸಿಸ್ಟರ್ ಹೊರಟ ಮೇಲೆ ಪ್ರತಿ ಸಲವೂ ತಲೆಗೆ ನೀರು ಹಾಕಿಕೊಳ್ಳುತ್ತಿದ್ದರು. ಉಗುರು ತೆಗೆಸಿಕೊಂಡ ಮೇಲೆ ಸ್ನಾನ ಮಾಡುವುದು ಪದ್ಧತಿಯೇ. ನನಗೆ ಮಾತ್ರ ರೇಗಿತು.

"ಆ ಸ್ನಾನ ಉಗುರಿಗೋ, ನಿಮಗೋ?" ಎಂದು ಮೆಟ್ಟಿಲ ಮೇಲೆ ಕೂತು ಕೇಳಿದೆ.

"ಕೇಳಲಿಲ್ಲಮ್ಮ. ಎರಡಕ್ಕೂ ಸೇರಿ ಒಂದೇ ಬಕೆಟ್ ನೀರು. ಬೆಂಗಳೂರಲ್ಲಿ ನೀರಿನ ಬೆಲೆ ಗೊತ್ತಲ್ಲ, ಉಳಿತಾಯ," ಎಂದರು.

ನನ್ನ ಜೀವಮಾನದಲ್ಲಿ ನಾನು ಇಂಥ ಮಾತಿಗೆ ನಕ್ಕವಳಲ್ಲ. ಜಗಳ ಆಡಿದವಳು. ಅಂದು ಕಾಫಿ ಮೂಗಿಗೆ ಏರುವಷ್ಟು ನಕ್ಕೆ.

ಅವರಿಗೆ ಎಲ್ಲಕ್ಕಿಂತ ಇಷ್ಟದ ಮನೆ ತೊಂಬತ್ತು ದಾಟಿದ ಒಬ್ಬ ಅಜ್ಜಿಯದು. ಹಳೆಯ ಕಾಲದ ಕೆಂಪು ನೆಲದ ಮನೆ, ನಡುಮನೆಯ ಕಿಟಕಿಯ ಪಕ್ಕ ಮಂಚ. ನೋಡಿಕೊಳ್ಳುತ್ತಿದ್ದ ಮಗಳಿಗೇ ಮಂಡಿ ನೋವು. ಅಜ್ಜಿಗೆ ಕಣ್ಣು ಮಬ್ಬು, ನೆನಪೂ ಆಗಾಗ ತಪ್ಪುತ್ತಿತ್ತು. ಆದರೆ ಕಾಲಿಗೆ ಒಂದು ಕೈ ತಾಗಿದರೆ ಸಾಕು, ಯಾರೋ ನಮಸ್ಕಾರ ಮಾಡುತ್ತಿದ್ದಾರೆಂದು ತಿಳಿದು ಬಾಯಿಂದ ತಾನಾಗಿ, "ದೀರ್ಘಸುಮಂಗಲೀ ಭವ," ಎಂದು ಬಂದುಬಿಡುತ್ತಿತ್ತು. ಒಂದೊಂದು ಬೆರಳಿಗೂ ಒಂದೊಂದು ಆಶೀರ್ವಾದ.

ಸಿಸ್ಟರ್ ಮದುವೆಯಾದವರಲ್ಲ. "ಅಮ್ಮಾ, ಮೊದಲು ಬರೀ ಸುಮಂಗಲಿ ಮಾಡಿ. ದೀರ್ಘದ ವಿಷಯ ಆಮೇಲೆ ನೋಡ್ಕೊಳ್ಳೋಣ," ಎನ್ನುತ್ತಿದ್ದರು. ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಕಿಲಕಿಲ ನಗುತ್ತಿದ್ದರು. "ಇಷ್ಟು ಬುಧವಾರದ ಆಶೀರ್ವಾದ ಕೂಡಿಟ್ಟಿದೀನಿ. ಮುಂದಿನ ಜನ್ಮದಲ್ಲಿ ಗಂಡ ಸಾಯಕ್ಕೇ ಆಗಲ್ಲ ಪಾಪ," ಎಂದರೆ ಮಗಳೂ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ಆ ಮನೆಯಲ್ಲಿ ವಾರದಲ್ಲಿ ಬೇರೆ ದಿನ ಯಾರಾದರೂ ನಗುತ್ತಿದ್ದರೋ ಇಲ್ಲವೋ.

ನನ್ನ ಕಾಲಿನ ಮೇಲೂ ಸಿಸ್ಟರಿಗೆ ಕಣ್ಣಿತ್ತು. "ಕೊಡಿ ಇಲ್ಲಿ, ಒಂದ್ ಕೈ ನೋಡ್ತೀನಿ," ಎಂದು ಎಷ್ಟೋ ಸಲ ಕೇಳಿದರು. ನಾನು ಕೊಡಲಿಲ್ಲ. ಇನ್ನೊಬ್ಬರ ಕಾಲು ಮುಟ್ಟಬಾರದು ಎಂದು ಅವ್ವ ಹೇಳಿದ್ದರೆ, ಇನ್ನೊಬ್ಬರಿಂದ ನನ್ನ ಕಾಲು ಮುಟ್ಟಿಸಿಕೊಳ್ಳಬಾರದು ಎಂಬುದನ್ನು ನಾನೇ ಸೇರಿಸಿಕೊಂಡಿದ್ದೆ. "ನನ್ನ ಕಾಲು ನಾನು ನೋಡ್ಕೋತೀನಿ ಸಿಸ್ಟರ್," ಎಂದೆ.

"ಆಯ್ತು ಗ್ರಾಜುಯೇಟೇ, ನೋಡ್ಕೊಳಮ್ಮ. ಬಗ್ಗಕ್ಕಾಗೋ ತನಕ ನೋಡ್ಕೋ," ಎಂದರು. ಅಲ್ಲಿಂದ ನನ್ನ ಹೆಸರು ಗ್ರಾಜುಯೇಟು ಎಂದೇ ಆಯಿತು. ಮೇಡಂ, ನೀವು ಎಲ್ಲ ಹೋಗಿ ನೀನು ಬಂತು. ನನ್ನನ್ನು ನೀನು ಎನ್ನುವವರು ಆ ಹೊತ್ತಿಗೆ ಬೇರೆ ಯಾರೂ ಉಳಿದಿರಲಿಲ್ಲ.

ಅವರ ಕೈ ನಡುಗುವುದನ್ನು ನಾನು ಮೊದಲು ನೋಡಿದ್ದು ಕಾಫಿ ಬಗ್ಗಿಸುವಾಗ. ಲೋಟದ ಅಂಚಿಗೆ ಪಾತ್ರೆ ತಾಗಿ ಕಟಕಟ ಸದ್ದಾಯಿತು. "ಒಳ್ಳೇದಾಯ್ತು, ಕಾಫಿ ಆರಿಸೋ ಕೆಲಸ ತಪ್ತು," ಎಂದರು. ಡಾಕ್ಟರ್ ಒಂದು ಮಾತ್ರೆ ಬರೆದುಕೊಟ್ಟರು. ನಡುಕ ಸ್ವಲ್ಪ ಇಳಿದು ಮತ್ತೆ ಏರಿತು. ಬುಧವಾರದ ಓಡಾಟ ಅವರು ಬಿಡಲಿಲ್ಲ.

ಆಗ ಆಗಬಾರದ್ದು ಆಯಿತು. ಅದೇ ಕುಂಟುತ್ತಿದ್ದ ಮೇಷ್ಟ್ರ ಮನೆಯಲ್ಲಿ ಕತ್ತರಿ ಜಾರಿ ಹೆಬ್ಬೆರಳಿನ ಚರ್ಮಕ್ಕೆ ತಾಗಿತು. ರಕ್ತ ಬಂತು. ಅವರಿಗೆ ಶುಗರ್. ಮಗ ಆಫೀಸಿನ ಫೋನಿನಲ್ಲಿದ್ದವನು ಕೋಣೆಯಿಂದ ಹೊರಗೆ ಬಂದು, "ಏನ್ರೀ ಇದು? ಕೈ ನಡುಗುತ್ತೆ ಅಂತ ಗೊತ್ತಿದ್ದೂ ಯಾಕ್ ಬರ್ತೀರ?" ಎಂದ.

"ತಪ್ಪಾಯ್ತಪ್ಪ," ಎಂದರು ಸಿಸ್ಟರ್. ಹತ್ತಿ ಒತ್ತಿ ಹಿಡಿದು ರಕ್ತ ನಿಲ್ಲಿಸಿದರು.

ಗಾಯ ಒಣಗುವ ತನಕ ದಿನಾ ಹೋಗಿ ಡ್ರೆಸ್ಸಿಂಗ್ ಮಾಡಿ ಬಂದರು. ಒಣಗಿತು, ಏನೂ ಆಗಲಿಲ್ಲ. ಕೊನೆಯ ದಿನ ಆ ಮಗನೇ ಬಾಗಿಲ ತನಕ ಬಂದು, "ನಿಮಗೂ ವಯಸ್ಸಾಯ್ತು ಸಿಸ್ಟರ್, ಇನ್ನು ತೊಂದರೆ ತಗೋಬೇಡಿ," ಎಂದನಂತೆ. ಅವನು ಒರಟಾಗಿ ಹೇಳಲಿಲ್ಲ, ಮೆತ್ತಗೇ ಹೇಳಿದ. ರಸ್ತೆಯವರ ವಾಟ್ಸಾಪ್ ಗುಂಪಿನಲ್ಲೂ ಸುದ್ದಿ ಹಾಗೇ ಮೆತ್ತಗೆ ಹರಡಿತು. ಒಬ್ಬೊಬ್ಬರಾಗಿ ಫೋನ್ ಮಾಡಿದರು. ಈ ವಾರ ಬೇಡ ಸಿಸ್ಟರ್, ಊರಿಗೆ ಹೋಗ್ತಿದೀವಿ. ಈ ವಾರ ಬೇಡ, ನೆಂಟರು ಬರ್ತಾರೆ. ತೊಂದರೆ ತಗೋಬೇಡಿ, ತೊಂದರೆ ತಗೋಬೇಡಿ. ಎಲ್ಲರದೂ ಅದೇ ಮಾತು.

ಡಬ್ಬ ಅಟ್ಟದ ಮೇಲೆ ಹೋಯಿತು.

ಆಮೇಲಿನ ಬುಧವಾರಗಳನ್ನು ನಾನು ಮೇಲಿನಿಂದ ನೋಡಿದೆ. ಅವರು ಎಂದಿನಂತೆ ಸ್ನಾನ ಮಾಡಿ, ಜಡೆ ಹೆಣೆದು, ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಾಲುಚೀಲ ಹಾಕಿಕೊಂಡು ಕಲ್ಲುಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಹೋಗಲು ಎಲ್ಲಿಯೂ ಇರಲಿಲ್ಲ. ಗೇಟಿನ ಕಡೆ ನೋಡುತ್ತಾ ಕೂತು, ಬಿಸಿಲು ಮೆಟ್ಟಿಲಿಗೆ ಬಂದಾಗ ಎದ್ದು ಒಳಗೆ ಹೋಗುತ್ತಿದ್ದರು. ಕಂಬಿಯ ಮೇಲೆ ಚಮಚದ ಸದ್ದು ನಿಂತಿತು. ನಾನೇ ಇಳಿದು ಹೋದರೆ ಕಾಫಿ ಕೊಡುತ್ತಿದ್ದರು, ಮಾತಿಲ್ಲ. ಒಂದು ದಿನ, "ಆ ಮನೆಗಳಲ್ಲಿ ಬಹಳ ಜನಕ್ಕೆ ನಾನು ಮುಟ್ಟಿದ್ದೇ ಮುಟ್ಟಿದ್ದು ಕಣೇ. ಮಕ್ಕಳು ಮಾತಾಡಿಸ್ತಾರೆ, ಮುಟ್ಟಲ್ಲ," ಎಂದರು. ಲೋಟ ಕೆಳಗಿಟ್ಟು, "ನಂಗೂ ಅಷ್ಟೇ ಅನ್ಕೋ," ಎಂದರು.

ನಾನು ಖಾಲಿ ಲೋಟಗಳನ್ನು ತೊಳೆದಿಟ್ಟೆ.

ಫೋನ್ ಬಂದದ್ದು ಅಜ್ಜಿಯ ಮಗಳಿಂದ. ನಾನು ಅಲ್ಲೇ ಕೂತಿದ್ದೆ. ಉಗುರು ಬೆಳೆದು ಹೊದಿಕೆಗೆ ಸಿಕ್ಕಿಕೊಳ್ಳುತ್ತಿತ್ತು. ಮಗಳು ಹತ್ತಿರ ಹೋದರೆ ಅಜ್ಜಿ ಕಾಲು ಮಡಚಿಕೊಂಡು ಅಳುತ್ತಿದ್ದರು. ಹೋಮ್ ನರ್ಸ್ ಒಬ್ಬಳನ್ನು ಕರೆಸಿದರೆ ಒದ್ದುಬಿಟ್ಟಿದ್ದರು. "ಮಾತಾಡೋಳನ್ನ ಕರಿ ಅಂತಾರೆ ಸಿಸ್ಟರ್. ನೀವು ಬನ್ನಿ," ಎನ್ನುತ್ತಿದ್ದುದು ನನಗೂ ಕೇಳುತ್ತಿತ್ತು.

"ಬಾಯಿ ಬರತ್ತೆ ತಾಯಿ, ಕೈ ಬರಲ್ಲ," ಎಂದು ಸಿಸ್ಟರ್ ಫೋನ್ ಇಟ್ಟರು. ಇಟ್ಟ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ತೊಡೆಯ ಮೇಲೆ ಒತ್ತಿಕೊಂಡರು.

ನಾನು ಮೇಲೆ ಬಂದೆ. ಅವ್ವನ ಫೋಟೋ ನನ್ನ ಅಡುಗೆಮನೆಯ ಗೂಡಿನಲ್ಲಿದೆ. ಮುಖ ನೋಡಲಿಲ್ಲ. ಅನ್ನಕ್ಕಿಟ್ಟೆ, ಇಳಿಸಿದೆ, ಉಣ್ಣಲಿಲ್ಲ. ನನ್ನ ಡಿಗ್ರಿಯನ್ನು ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಅವ್ವ ಇನ್ನೊಬ್ಬರ ಕಾಲ ಬುಡದಲ್ಲಿ ಕೂತು ನನ್ನನ್ನು ಕುರ್ಚಿಗೆ ಏರಿಸಿದ್ದು. ಈಗ ನಾನಾಗಿ ಇಳಿದು ಮಣೆಯ ಮೇಲೆ ಕೂತರೆ, ಇದಕ್ಕೇನಾ ನಿನ್ನನ್ನು ಓದಿಸಿದ್ದು ಎಂದು ಅವಳು ಕೇಳುತ್ತಿದ್ದಳು. ಆದರೆ ಕೆಳಗೆ ಅವರು ಹಾಗೆ ಜಡೆ ಹೆಣೆದುಕೊಂಡು ಕೂರುವುದನ್ನು ಇನ್ನೊಂದು ಬುಧವಾರ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಕೆಳಗೆ ಹೋಗಿ, "ಡಬ್ಬ ಇಳಿಸಿ ಸಿಸ್ಟರ್," ಎಂದೆ. "ನೀವು ಮಾತಾಡಿ. ನಾನು ಉಗುರು ತೆಗೀತೀನಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀನಾ?"

"ಹೂಂ."

"ಸೂಪರಿಂಟೆಂಡೆಂಟು?"

"ರಿಟೈರ್ ಆಗಿದೀನಲ್ಲ."

"ಥಿಯರಿ ಆಯ್ತು. ಪ್ರಾಕ್ಟಿಕಲ್?" ಎಂದು ಬಗ್ಗಿ ತಮ್ಮ ಕಾಲುಚೀಲ ಎಳೆದು ತೆಗೆದರು.

ಆಗ ತಿಳಿಯಿತು ನನಗೆ. ಅವರ ಉಗುರುಗಳೇ ಬೆಳೆದು, ಒಂದೆರಡು ಅಡ್ಡ ಮುರಿದು, ಕಿರುಬೆರಳಿನದು ಒಳಕ್ಕೆ ತಿರುಗಿತ್ತು. ನಡುಗುವ ಕೈಯಲ್ಲಿ ತಮ್ಮದನ್ನು ತಾವು ತೆಗೆದುಕೊಳ್ಳಲು ಹೆದರಿ ಚೀಲದೊಳಗೆ ಮುಚ್ಚಿಟ್ಟುಕೊಂಡಿದ್ದರು. ಊರಿಗೆಲ್ಲ ನಾಚಿಕೆ ಬಿಡಿಸಿದವರು.

ಬೇಸಿನ್ನಿಗೆ ನೀರು ಹಾಕಿದೆ. ಮಣೆ ಎಳೆದುಕೊಂಡು ಕೂತೆ. ಕಾಲು ಹಿಡಿದ ತಕ್ಷಣ ಅವರು, "ಅಯ್ಯಯ್ಯೋ," ಎಂದು ಎಳೆದುಕೊಂಡರು. ಕಚಗುಳಿ! ಮೂರು ನಾಲ್ಕು ಸಲ ಹಾಗೇ ಆಯಿತು. ಇಬ್ಬರಿಗೂ ನಗು. ಆಮೇಲೆ ಅವರ ನಗು ನಿಂತಿತು. "ನನ್ನ ಕಾಲು ಇದುವರೆಗೆ ಯಾರೂ ಹಿಡಿದಿಲ್ಲ ಕಣೇ," ಎಂದರು. ಕತ್ತರಿ ಹೇಗೆ ಹಿಡಿಯಬೇಕು, ಎಷ್ಟು ನೆನೆಯಬೇಕು, ಮೂಲೆಯನ್ನು ಹೇಗೆ ನೇರ ಬಿಡಬೇಕು ಎಂದಷ್ಟೇ ಹೇಳುತ್ತಾ ಹೋದರು. ಒಂದು ತಮಾಷೆಯೂ ಬರಲಿಲ್ಲ. ಕೊನೆಗೆ ಎಣ್ಣೆ ಹಚ್ಚುವಾಗ ಅವರು ಗೋಡೆಯ ಕಡೆ ಮುಖ ಮಾಡಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಈಗ ನಿನ್ನ ಸರದಿ ಅನ್ನಬೇಕು. ಆದ್ರೆ ನನ್ನ ಕೈ ಸಸ್ಪೆಂಡ್ ಆಗಿದೆ," ಎಂದರು.

ಮುಂದಿನ ಬುಧವಾರ ಅಜ್ಜಿಯ ಮನೆಗೆ ಇಬ್ಬರೂ ಹೋದೆವು. ಸಿಸ್ಟರ್ ಮಂಚದ ತುದಿಗೆ ಕುರ್ಚಿ ಹಾಕಿಕೊಂಡು ಅಜ್ಜಿಯ ಕೈ ಹಿಡಿದು ಮಾತು ಶುರು ಮಾಡಿದರು. ನಾನು ಕೆಳಗೆ ಕೂತೆ. ಕಾಲು ತುಂಬ ಹಗುರ, ಒಣಗಿದ ಎಲೆಯಂಥ ಚರ್ಮ. ಮುಟ್ಟಿದ ಕೂಡಲೇ ಮೇಲಿನಿಂದ ಬಂತು: "ದೀರ್ಘಸುಮಂಗಲೀ ಭವ."

"ಅದು ನಂಗಲ್ಲ, ಕೆಳಗಿರೋಳಿಗೆ ಹೋಯ್ತು," ಎಂದರು ಸಿಸ್ಟರ್. "ಇನ್ನೊಂದು ಗಿರಾಕಿ ಸಿಕ್ತು ಅಮ್ಮ ನಿಮಗೆ. ಇವಳೂ ಖಾಲಿನೇ."

ಅಜ್ಜಿ ನಕ್ಕರು. ಕಾಲು ನನ್ನ ಅಂಗೈಯಲ್ಲಿ ಸಡಿಲವಾಯಿತು. ಅವ್ವ ಇದಕ್ಕೆ ಒಪ್ಪುತ್ತಿದ್ದಳೋ ಇಲ್ಲವೋ ಆಗ ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ಒಂದು ಮನೆಯಿಂದ ಇನ್ನೊಂದು ಮನೆಗೆ ಮತ್ತೆ ದಾರಿ ತೆರೆಯಿತು. ವಕೀಲರು ಕರೆದರು. ಮಡಿಯ ಹಿರಿಯರು, "ಇವರೂ ಆಸ್ಪತ್ರೆ ಜನವೋ?" ಎಂದು ನನ್ನ ಬಗ್ಗೆ ಕೇಳಿದರು. ನಾನು ಉತ್ತರ ಕೊಡಲು ಬಾಯಿ ತೆರೆದೆ. ಸಿಸ್ಟರ್ ನನ್ನ ಬೆನ್ನ ಮೇಲೆ ಕೈಯಿಟ್ಟು, "ಇವರು ಆಫೀಸ್ ಜನ ಸ್ವಾಮಿ. ಕಾಲು ಕೊಡದಿದ್ರೆ ಫೈಲ್ ಮುಂದಕ್ಕೆ ಹೋಗಲ್ಲ," ಎಂದರು. ಅವರು ಕಾಲು ಕೊಟ್ಟರು. ಅವರ ಬಾಯಿ, ನನ್ನ ಕೈ. ನಡೆದು ಬರುವಾಗ ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿಯ ಪಕ್ಕ ನಿಂತು ಏನಾದರೂ ತಿನ್ನುತ್ತಿದ್ದೆವು. ನನ್ನ ಬದುಕಿನಲ್ಲಿ ವಾರಕ್ಕೊಂದು ದಿನ ಕಾಯುವಂಥದ್ದು ಏನಾದರೂ ಇದ್ದರೆ ಅದು ಆ ಕಾಲದಲ್ಲಿ.

ಕಳೆದ ಮಳೆಗಾಲ ಅವರಿಗೆ ಜ್ವರ ಬಂತು, ಎದೆಗೆ ಇಳಿಯಿತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಲು ಬಂದ ಹುಡುಗಿಗೆ, "ನರ ಹುಡುಕಬೇಡ ಮಗಾ, ಕೈ ತಾನೇ ಕುಣೀತಾ ಇದೆ, ನೀನು ಸೂಜಿ ಹಿಡ್ಕೊಂಡು ನಿಂತ್ಕೋ ಸಾಕು," ಎಂದರು. ಆ ಹುಡುಗಿ ನಕ್ಕಳು. ನಾನು ಕೇಳಿದ ಅವರ ಕೊನೆಯ ತಮಾಷೆ ಅದೇ. ಆಮೇಲೆ ಮಾತು ನಿಂತು ಉಸಿರು ಮಾತ್ರ ಉಳಿಯಿತು. ಅದೂ ನಿಂತಿತು.

ತುಮಕೂರು ಕಡೆಯಿಂದ ಅವರ ಅಕ್ಕನ ಮಗ ಬಂದು ಮಾಡಬೇಕಾದ್ದನ್ನು ಮಾಡಿದ. ಕಾಂಪೌಂಡಿನಲ್ಲಿ ಮಲಗಿಸಿದ್ದಾಗ ಬಂದವರು ಬಹಳ ಕಡಿಮೆ. ಮನೆ ಮಾಲೀಕರು, ಹಾಲಿನವನು, ಹಳೆಯ ನರ್ಸ್‌ಗಳು ಇಬ್ಬರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಹೊಳೆಯಿತು. ಬರಬೇಕಾದವರೆಲ್ಲ ನಡೆಯಲಾರದವರು. ಸುತ್ತಲಿನ ರಸ್ತೆಗಳಲ್ಲಿ, ಕಿಟಕಿಯ ಪಕ್ಕದ ಮಂಚಗಳಲ್ಲಿ, ಗಾಲಿ ಕುರ್ಚಿಗಳಲ್ಲಿ ಅವರೆಲ್ಲ ಇದ್ದಲ್ಲೇ ಇದ್ದರು. ಕೆಲವರಿಗೆ ಮನೆಯವರು ಹೇಳಿಯೂ ಇರಲಿಲ್ಲ.

ಬಿಳಿ ಬಟ್ಟೆಯ ಹೊರಗೆ ಪಾದ ಕಾಣುತ್ತಿತ್ತು. ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದರು. ಉಗುರು ಅಚ್ಚುಕಟ್ಟಾಗಿ, ಮೂಲೆ ನೇರವಾಗಿ ಇತ್ತು. ನನ್ನ ಕೆಲಸ.

ಕೋಣೆ ಖಾಲಿ ಮಾಡುವಾಗ ಅಕ್ಕನ ಮಗ, "ಇದರಲ್ಲೇನೋ ಕತ್ತರಿ ಗಿತ್ತರಿ ಇದೆ, ನಿಮಗೆ ಬೇಕಾ ಆಂಟಿ?" ಎಂದು ಡಬ್ಬ ಅಲ್ಲಾಡಿಸಿದ. ತೆಗೆದುಕೊಂಡೆ.

ಬುಧವಾರ ಬರುತ್ತದೆ. ನಾನು ಹೋಗುತ್ತೇನೆ. ಎಲ್ಲ ಮನೆಗಳಿಗೂ ಅಲ್ಲ. ಮಾತಿಲ್ಲದ ಕೈಯನ್ನು ಬಹಳ ಜನ ಬಯಸುವುದಿಲ್ಲ. ವಕೀಲರು ಎರಡು ಸಲ ತೆಗೆಸಿಕೊಂಡು ಆಮೇಲೆ ಬೇಡವೆಂದರು. ನನ್ನೆದುರು ಅವರು ಸೀಟಿನಲ್ಲಿ ಕೂತ ಅಧಿಕಾರಿಯ ಮುಂದೆ ಅರ್ಜಿದಾರನಂತೆ ಮುದುಡುತ್ತಿದ್ದರು. ಹೆಬ್ಬೆಟ್ಟಿನ ಮಾತು ನನಗೂ ನೆನಪಿತ್ತು. ಹೇಳಿ ನೋಡಿದೆ. ಅವರು ನಯವಾಗಿ ತುಟಿ ಅಗಲಿಸಿದರು. ಅಷ್ಟೇ.

ಅಜ್ಜಿಯ ಮನೆ ಮಾತ್ರ ಉಳಿದಿದೆ. ಮೊನ್ನೆ ಹೋದಾಗ ಬಹಳ ಹೊತ್ತು ಸುಮ್ಮನೆ ಕೆಲಸ ಮಾಡಿದೆ. ಕತ್ತರಿಯ ಟಕ್ ಟಕ್ ಸದ್ದು ಬಿಟ್ಟರೆ ಏನಿಲ್ಲ. ಅಜ್ಜಿ ಆಶೀರ್ವಾದವನ್ನೂ ಮಾಡಲಿಲ್ಲ. ಕಾಲು ಬಿಗಿಯಾಗಿತ್ತು. ಇದ್ದಕ್ಕಿದ್ದಂತೆ, "ಮಾತಾಡೋಳೆಲ್ಲಿ?" ಎಂದು ಕೇಳಿದರು.

ಮಗಳು ಬಾಗಿಲಲ್ಲಿ ನಿಂತು, ಹೇಳಬೇಡಿ ಎಂದು ತಲೆಯಾಡಿಸಿದರು.

"ರಜ ಹಾಕಿದಾರೆ," ಎಂದೆ.

"ಯಾವಾಗ ಬರ್ತಾಳೆ?"

ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಕತ್ತರಿ ಹಿಡಿದುಕೊಂಡು ಕೂತೆ. ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿದೆ. "ಪಂಚಾಂಗ ನೋಡಿ ಹೇಳ್ತೀನಿ ಅಂದಿದಾರೆ ಅಮ್ಮ."

ಅಜ್ಜಿಯ ಗಂಟಲಿನಲ್ಲಿ ಸಣ್ಣಗೆ ನಗು ಬಂತು. ಕಾಲು ಸಡಿಲವಾಯಿತು. "ಅವಳು ಹಂಗೇ," ಎಂದರು. ತಡಕಾಡಿ ನನ್ನ ತಲೆ ಹುಡುಕಿ, ಅದರ ಮೇಲೆ ಕೈಯಿಟ್ಟು, ಹಳೆಯ ಆಶೀರ್ವಾದವನ್ನು ಪೂರ್ತಿ ಹೇಳಿದರು. ಅದಕ್ಕೆ ಎದುರು ಮಾತು ಹೇಳಬೇಕಾದವರ ಕುರ್ಚಿ ಮಂಚದ ತುದಿಯಲ್ಲಿ ಹಾಗೇ ಇತ್ತು. ಮಗಳು ಅದನ್ನು ತೆಗೆದಿರಲಿಲ್ಲ. ನಾನು ಬಾಕಿ ಉಳಿದ ಬೆರಳುಗಳನ್ನು ಮುಗಿಸಿದೆ.

ಮನೆಗೆ ಬಂದಾಗ ಕೆಳಗಿನ ಕೋಣೆಗೆ ಬೀಗ. ಬಾಡಿಗೆಗೆ ಇನ್ನೂ ಯಾರೂ ಬಂದಿಲ್ಲ. ಕಾಗದದಲ್ಲಿ ಸುತ್ತಿ ತಂದ ಉಗುರಿನ ಚೂರುಗಳನ್ನು ಹೊರಗಿನ ಕಸಕ್ಕೆ ಹಾಕಿ, ಸಂಜೆ ಒಂದು ಬೇಸಿನ್ ನೀರು ಕಾಯಿಸಿಕೊಂಡು ಅದೇ ಕಲ್ಲುಮೆಟ್ಟಿಲ ಮೇಲೆ ಕೂತೆ. ನನ್ನ ಕಾಲು ನಾನು ನೋಡಿಕೊಳ್ಳಬೇಕಿತ್ತು. ಬಲಗಾಲು ಹೇಗೋ ಆಯಿತು. ಎಡಗಾಲಿಗೆ ಬಗ್ಗಿದರೆ ಸೊಂಟ ಹಿಡಿಯಿತು. ನಾಲ್ಕು ಬೆರಳು ಮುಗಿಸಿದೆ. ಕಿರುಬೆರಳು ಎಟುಕಲಿಲ್ಲ. ಗೋಡೆಗೆ ಒರಗಿ ಪ್ರಯತ್ನಿಸಿದೆ, ಕಾಲನ್ನು ಮೆಟ್ಟಿಲ ಮೇಲಿಟ್ಟು ಪ್ರಯತ್ನಿಸಿದೆ.

ಎದುರು ಮನೆಯಲ್ಲಿ ತುಳಸಿಯ ಮುಂದೆ ದೀಪ ಕಂಡಿತು. ಉಗುರು ತೆಗೆಯುವ ಹೊತ್ತು ಮೀರಿತ್ತು. ಕತ್ತರಿಯನ್ನು ಒರೆಸಿ ಡಬ್ಬದೊಳಗಿಟ್ಟೆ. ನೀರನ್ನು ಗಿಡಕ್ಕೆ ಚೆಲ್ಲಿ, ಕಂಬಿ ಹಿಡಿದುಕೊಂಡು ಮೇಲೆ ಹತ್ತಿದೆ.